ಉಪ್ಪುನೀರಿನ ಸೊಸೆ

ಶಿಷ್ಯ ಕೇಳಿದ: “ಗುರುಗಳೇ, ಮನಸ್ಸಿನ ಬಾಗಿಲು ತೆರೆದಿರಬೇಕೋ, ಮುಚ್ಚಿರಬೇಕೋ?”

ಕೇಳಿದವನ ಹೆಸರು ಚನ್ನಮಲ್ಲ. ಮನೆ ಬಿಟ್ಟು ಮಠಕ್ಕೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಗುರು ತೋಟದ ಕಟ್ಟೆಯ ಮೇಲೆ ಕುಳಿತು ಸಸಿಗಳ ಒಣಗಿದ ಎಲೆ ಕೀಳುತ್ತಿದ್ದರು. ಸನ್ಯಾಸಕ್ಕೆ ಮೊದಲು ಅವರು ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು.

“ಯಾಕೆ ಕೇಳುತ್ತೀಯ?” ಎಂದರು.

“ತೆರೆದಿಟ್ಟರೆ ಮನೆಯ ನೆನಪು ನುಗ್ಗುತ್ತದೆ. ಅಮ್ಮ ಒಲೆ ಊದುವುದು ಕಾಣುತ್ತದೆ. ತಂಗಿ ಕರೆದಂತಾಗುತ್ತದೆ. ಕುಳಿತಲ್ಲಿ ಕೂರಲಾಗುವುದಿಲ್ಲ. ಗಟ್ಟಿಯಾಗಿ ಮುಚ್ಚಿಕೊಂಡರೆ ನೆನಪೇನೋ ಬರುವುದಿಲ್ಲ, ಆದರೆ ನೀವು ಹೇಳಿಕೊಡುವ ಪಾಠವೂ ಒಳಗಿಳಿಯುವುದಿಲ್ಲ. ಈ ಹಂಬಲ ಎಂದಾದರೂ ಮುಗಿಯುತ್ತದೆಯೇ?”

ಗುರು ಕೈಯಲ್ಲಿದ್ದ ಎಲೆಗಳನ್ನು ಬುಡಕ್ಕೆ ಹಾಕಿದರು. ಶಿಷ್ಯನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ನದಿ ಸಮುದ್ರವನ್ನು ಸೇರುವ ಕಡೆ ಒಬ್ಬ ರೈತನಿದ್ದ. ಹೆಸರು ಬೊಮ್ಮ. ಅವನ ಗದ್ದೆ ಇದ್ದದ್ದು ಗಜನಿಯಲ್ಲಿ. ಗಜನಿ ಎಂದರೆ ಸಮುದ್ರ ಉಬ್ಬಿದಾಗ ಉಪ್ಪುನೀರು ನುಗ್ಗುವ ತಗ್ಗು ನೆಲ. ಊರಿನವರು ಸೇರಿ ಅದರ ಸುತ್ತ ಮಣ್ಣಿನ ಒಡ್ಡು ಹಾಕಿದ್ದರು. ಒಡ್ಡಿನಲ್ಲಿ ಮರದ ಹಲಗೆಯ ಬಾಗಿಲೊಂದಿತ್ತು. ಭರತ ಬಂದು ಸಮುದ್ರ ಉಬ್ಬಿದಾಗ ಅದನ್ನು ಇಳಿಸುತ್ತಿದ್ದರು. ಇಳಿತದ ಹೊತ್ತಿಗೆ ಎತ್ತಿ, ಗದ್ದೆಯಲ್ಲಿ ನಿಂತ ನೀರನ್ನು ಹೊರಕ್ಕೆ ಬಿಡುತ್ತಿದ್ದರು. ಆ ನೆಲದಲ್ಲಿ ಬೇರೆ ಬೆಳೆ ಬರುವುದಿಲ್ಲ. ಕಗ್ಗ ಎಂಬ ಭತ್ತವೊಂದೇ ಬರುತ್ತದೆ. ಆಳೆತ್ತರ ಬೆಳೆಯುವ ಭತ್ತ, ಕೆಂಪು ಅಕ್ಕಿ.

ಬೊಮ್ಮನ ಹೆಂಡತಿಯ ಹೆಸರು ಸೋಮಿ. ಅವಳ ತವರು ಅದೇ ನದಿಯ ಮೇಲ್ದಂಡೆಯಲ್ಲಿ, ಬೆಟ್ಟದ ಬುಡದಲ್ಲಿತ್ತು. ಅಲ್ಲಿ ಬಂಡೆಯ ಸಂದಿಯಿಂದ ಒರತೆ ಬರುತ್ತಿತ್ತು. ಅದರ ನೀರನ್ನೇ ಕುಡಿದು ಬೆಳೆದವಳು. ಮದುವೆಯಾಗಿ ಬಂದ ದಿನ ಗಂಡನ ಮನೆಯ ಬಾವಿ ನೀರು ಬಾಯಿಗಿಟ್ಟಳು. ಅದು ಒಗರು, ಉಪ್ಪು. ನುಂಗಲಾಗಲಿಲ್ಲ. ಎಲ್ಲರ ಎದುರಿಗೆ ಉಗುಳಲೂ ಆಗಲಿಲ್ಲ. ಹಾಗೇ ಬಾಯಲ್ಲಿಟ್ಟುಕೊಂಡು ನಿಂತಳು.

ಅತ್ತೆ ಮಾಸ್ತಿ ಅದನ್ನು ನೋಡಿದಳು. “ಮೊದಲಿಗೆ ಹಾಗೇ ಆಗುವುದು ತಂಗಿ. ಹಿತ್ತಿಲಿಗೆ ಹೋಗಿ ಉಗುಳಿ ಬಾ, ಯಾರೂ ಏನೂ ಅನ್ನುವುದಿಲ್ಲ” ಎಂದಳು.

ಸೋಮಿ ಉಗುಳಿ ಬಂದಳು.

ತವರಿನಿಂದ ಹೊರಡುವಾಗ ತಾಯಿ ಅವಳ ಮಡಿಲಿಗೆ ಬಿತ್ತನೆ ಭತ್ತದ ಗಂಟೊಂದನ್ನು ಹಾಕಿದ್ದಳು. ಅದು ಅವರ ಮನೆಯ ಸಣ್ಣ ಭತ್ತ. ಅನ್ನವಾದರೆ ಬೀದಿಯವರೆಗೆ ಪರಿಮಳ ಬರುವಂಥದ್ದು. “ನಮ್ಮ ಅನ್ನ ಬೇಕೆನ್ನಿಸಿದರೆ ಒಂದು ಮೂಲೆಯಲ್ಲಿ ಬಿತ್ತಿಕೊಳ್ಳೇ” ಎಂದಿದ್ದಳು. ಸಮುದ್ರದಂಚಿನ ಗದ್ದೆ ಹೇಗಿರುತ್ತದೆಂದು ಆ ತಾಯಿಗೆ ತಿಳಿದಿರಲಿಲ್ಲ. ಅವಳು ಸಮುದ್ರವನ್ನೇ ಕಂಡವಳಲ್ಲ.

ಮಳೆಗಾಲ ಬಂತು. ನದಿ ಉಕ್ಕಿತು. ದೋಣಿಗಳು ದಡ ಬಿಟ್ಟು ಕದಲಲಿಲ್ಲ. ಆ ಮಳೆಗಾಲದಲ್ಲೇ ತಾಯಿ ಜ್ವರ ಬಂದು ತೀರಿಕೊಂಡಳು. ನೀರು ಇಳಿದ ಮೇಲೆ ಮೊದಲ ದೋಣಿಯವನು ಸುದ್ದಿ ತಂದ. ಅಷ್ಟು ಹೊತ್ತಿಗೆ ತಿಥಿಯೂ ಮುಗಿದಿತ್ತು.

ಸೋಮಿ ಅಳಲಿಲ್ಲ. ಒಳಗೆ ಹೋಗಿ ಭತ್ತದ ಗಂಟನ್ನು ಬಿಚ್ಚಿ, ಮುಷ್ಟಿ ತುಂಬ ಕಾಳು ಹಿಡಿದು ಮೂಸಿದಳು. ಮತ್ತೆ ಕಟ್ಟಿಟ್ಟಳು.

ಮರುವರ್ಷ ಬಿತ್ತನೆಯ ಕಾಲಕ್ಕೆ ಅವಳು ಆ ಗಂಟು ಹಿಡಿದು ಗಂಡನ ಮುಂದೆ ಬಂದು ನಿಂತಳು. “ನನಗೆ ಗದ್ದೆಯ ಒಂದು ಮೂಲೆ ಬೇಕು” ಎಂದಳು.

ಬೊಮ್ಮ ಗಂಟನ್ನು ನೋಡಿದ. “ಇದು ಸಿಹಿನೀರಿನ ಭತ್ತ. ಈ ನೆಲದಲ್ಲಿ ನಿಲ್ಲುವುದಿಲ್ಲ ಕಣೇ” ಎಂದ.

“ನಾನು ನಿಂತಿಲ್ಲವೇ?” ಎಂದಳು.

ಬೊಮ್ಮ ಒಡ್ಡಿನಿಂದ ದೂರದ ಮೂಲೆಯನ್ನು ಅವಳಿಗೆ ಬಿಟ್ಟುಕೊಟ್ಟ. ಉಪ್ಪು ಅಲ್ಲಿ ಸ್ವಲ್ಪ ಕಡಿಮೆ ಎಂದು ಅವನ ಎಣಿಕೆ. ಅವಳು ಗಂಟಿನ ಅರ್ಧ ಕಾಳು ನೆನೆಹಾಕಿ ಬಿತ್ತಿದಳು. ಮಳೆ ಚೆನ್ನಾಗಿ ಸುರಿದು ನೆಲದ ಉಪ್ಪನ್ನು ತೊಳೆಯಿತು. ಸಸಿ ಎದ್ದಿತು. ಎಳೆಹಸಿರು ಗಾಳಿಗೆ ಬಾಗಿತು. ಸೋಮಿ ಬೆಳಿಗ್ಗೆ ಎದ್ದವಳೇ ಅಲ್ಲಿಗೆ ಹೋಗುತ್ತಿದ್ದಳು. ಸಸಿಗಳ ನಡುವೆ ಕುಳಿತು ತನ್ನ ತಾಯಿ ಹಾಡುತ್ತಿದ್ದ ನಾಟಿ ಹಾಡನ್ನು ಗುನುಗುತ್ತಿದ್ದಳು. ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಹಾಡಿದ್ದನ್ನು ಆ ಮನೆಯವರು ಕೇಳಿದ್ದು ಅದೇ ಮೊದಲು.

ನಡುವೆ ಮಳೆ ಕೈಕೊಟ್ಟಿತು. ಬಿಸಿಲು ಕಾಯಿತು. ಭರತದ ನೀರು ಒಡ್ಡಿನಡಿಯಿಂದ ಜಿನುಗಿ ಗದ್ದೆಗೆ ಬಂತು. ಸೋಮಿಯ ಸಸಿಗಳ ತುದಿ ಕಂದಿತು. ಎಲೆ ಸುರುಳಿಗಟ್ಟಿತು. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತೇ ಅವು ಒಣಗಿದವು.

“ನೀರಲ್ಲೇ ನಿಂತು ಬಾಯಾರಿ ಸತ್ತವಲ್ಲ” ಎಂದಳು ಸೋಮಿ. ಗಂಡನಿಗಲ್ಲ, ಗದ್ದೆಗೇ ಹೇಳಿದಳು.

ಗುರು ಇಲ್ಲಿ ಕತೆ ನಿಲ್ಲಿಸಿ ಚನ್ನಮಲ್ಲನಿಗೆ ಹೇಳಿದರು:

ಅವಳು ಹೇಳಿದ್ದು ನಿಜ. ಬೇರು ಎಂದರೆ ಜೀವಕೋಶಗಳ ರಾಶಿ. ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳು ಅವು. ಒಂದೊಂದರ ಸುತ್ತಲೂ ತೆಳುವಾದ ಪೊರೆಯಿದೆ. ನೀರು ಆ ಪೊರೆಯನ್ನು ಸುಲಭವಾಗಿ ದಾಟುತ್ತದೆ. ಉಪ್ಪು ಅಷ್ಟು ಸುಲಭವಾಗಿ ದಾಟಲಾರದು. ನೀರಿಗೆ ತನ್ನದೇ ಹಟವಿಲ್ಲ. ಎಲ್ಲಿ ಉಪ್ಪು, ಸಕ್ಕರೆ ಹೆಚ್ಚು ಕರಗಿದೆಯೋ ಅತ್ತ ಹೆಚ್ಚು ಹರಿಯುತ್ತದೆ. ಸಿಹಿ ನೆಲದಲ್ಲಿ ಕೋಶದ ಒಳಗಿನ ರಸವೇ ಗಟ್ಟಿ, ಹೊರಗಿನ ನೀರು ತಿಳಿ. ಆದ್ದರಿಂದ ನೀರು ಒಳಗೆ ಬರುತ್ತದೆ, ಗಿಡ ನೆಟ್ಟಗೆ ನಿಲ್ಲುತ್ತದೆ. ಉಪ್ಪು ನೆಲದಲ್ಲಿ ಹೊರಗಿನ ನೀರೇ ಗಟ್ಟಿಯಾಗುತ್ತದೆ. ಆಗ ಒಳಗಿದ್ದ ನೀರೂ ಹೊರಗೆ ನಡೆಯುತ್ತದೆ. ಅವಳ ಸಸಿಗೆ ಆದದ್ದು ಅದೇ.

ಮತ್ತೆ ಕತೆ ಮುಂದುವರಿಯಿತು.

ಗಂಟಿನಲ್ಲಿ ಇನ್ನರ್ಧ ಕಾಳು ಉಳಿದಿತ್ತು. ಮುಂದಿನ ಮಳೆಗಾಲಕ್ಕೆ ಮೊದಲೇ ಸೋಮಿ ಆ ಮೂಲೆಯ ಸುತ್ತ ತಾನೇ ಇನ್ನೊಂದು ಒಡ್ಡು ಕಟ್ಟಲು ಹೊರಟಳು. ಬುಟ್ಟಿ ಬುಟ್ಟಿ ಜೇಡಿಮಣ್ಣು ಹೊತ್ತಳು. ಕಾಲಿನಿಂದ ತುಳಿದು ಗಟ್ಟಿ ಮಾಡಿದಳು. ಏಡಿ ಕೊರೆದ ತೂತು ಕಂಡರೆ ಮುಷ್ಟಿ ಮಣ್ಣು ತುರುಕಿ ಮುಚ್ಚಿದಳು.

“ನೀರು ಹೊರಗೆ ಹೋಗಲು ಒಂದು ಕಂಡಿ ಬಿಡು” ಎಂದ ಬೊಮ್ಮ.

“ಕಂಡಿ ಬಿಟ್ಟರೆ ಅದರಿಂದಲೇ ನಿಮ್ಮ ಉಪ್ಪು ಒಳಗೆ ಬರುತ್ತದೆ” ಎಂದಳು.

ನಿಮ್ಮ ಉಪ್ಪು ಎಂದಳು. ಬೊಮ್ಮನಿಗೆ ಅದು ನಾಟಿತು. ಆದರೂ ಸನಿಕೆ ತೆಗೆದುಕೊಂಡು ಅವಳ ಒಡ್ಡಿಗೆ ಅವನೂ ಮಣ್ಣು ಹಾಕಿದ.

ಆ ವರ್ಷ ಸೋಮಿ ತನ್ನ ಸುತ್ತಲೂ ಅಂಥದ್ದೇ ಒಡ್ಡು ಹಾಕಿಕೊಂಡಳು. ನೆರೆಮನೆಯ ಹೆಂಗಸರು ಕರೆದರೆ ಹೋಗಲಿಲ್ಲ. ಮನೆಯಲ್ಲಿ ಒಣಮೀನು ಸುಟ್ಟರೆ ಎದ್ದು ಆಚೆ ಹೋದಳು. ಕಗ್ಗದ ಅನ್ನವನ್ನು ಬೆರಳಲ್ಲಿ ಕಲಸಿ ಉಣ್ಣದೆ ಬಿಡುತ್ತಿದ್ದಳು. ಅತ್ತೆ ತಲೆ ಬಾಚಲು ಕರೆದರೆ, ಆಗಿದೆ ಎನ್ನುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಗಂಡನ ಊರಿನದು ಏನಾದರೂ ಒಳಗೆ ಬಂದರೆ ತಾಯಿಯದು ಅಷ್ಟು ಕಡಿಮೆಯಾಗುತ್ತದೆ ಎಂದು ಅವಳ ಭಯ.

ಮಳೆ ಸುರಿಯಿತು. ಒಡ್ಡಿನೊಳಗೆ ಬಿದ್ದ ನೀರು ಅಲ್ಲೇ ನಿಂತಿತು. ನೆಲದಡಿಯ ಹಳೆಯ ಉಪ್ಪು ಕರಗಿ ಆ ನೀರಿಗೇ ಸೇರಿತು. ತೊಳೆದುಹೋಗಲು ದಾರಿಯಿರಲಿಲ್ಲ. ನೀರಿನ ಮೇಲೆ ಪಾಚಿ ಕಟ್ಟಿತು. ಬೇರಿಗೆ ಗಾಳಿಯಾಡಲಿಲ್ಲ. ಸಸಿ ಹಳದಿಯಾಯಿತು. ಹಿಡಿದು ಎಳೆದರೆ ಬೇರು ಕಪ್ಪಾಗಿ, ಕೊಳೆತ ನಾರಿನ ಹಾಗೆ ಕೈಗೆ ಬರುತ್ತಿತ್ತು.

ಹೊರಗಿನಿಂದ ಏನೂ ಬಂದಿರಲಿಲ್ಲ. ಆದರೂ ಪೈರು ಸತ್ತಿತು. ಬೇಡವಾದದ್ದನ್ನು ಹೊರಗೆ ಕಳಿಸಲಾಗದ ಕೋಶವೂ ಹೀಗೆಯೇ ಸಾಯುತ್ತದೆ.

ತಾಯಿ ಕೊಟ್ಟ ಕಾಳು ಮುಗಿಯಿತು. ಸೋಮಿ ತಾನು ಕಟ್ಟಿದ ಒಡ್ಡಿನ ಮೇಲೆ ಕುಳಿತಳು. ಅವಳ ಬೆನ್ನ ಹಿಂದೆ ಗಂಡನ ಕಗ್ಗ ಎದೆಯೆತ್ತರ ನಿಂತಿತ್ತು. ಅದೇ ಮಳೆ, ಅದೇ ಉಪ್ಪು, ಅದೇ ನೆಲ. ಅವಳಿಗೆ ಆ ಪೈರಿನ ಮೇಲೆ ಸಿಟ್ಟು ಬಂತು. ಒಂದು ದಂಟು ಮುರಿದು, ನಿನ್ನೊಳಗೆ ಇರುವುದೂ ಉಪ್ಪೇ ಅಲ್ಲವೇ ಎಂಬಂತೆ ಬಾಯಿಗಿಟ್ಟು ಕಚ್ಚಿದಳು.

ಉಪ್ಪಿರಲಿಲ್ಲ. ಎಳೆಯ ದಂಟಿನ ರಸ ತೀರ ಸಣ್ಣಗೆ ಸಿಹಿಯಾಗಿತ್ತು.

ಅವಳು ಅದನ್ನು ಅಗಿಯುತ್ತಾ ಬಹಳ ಹೊತ್ತು ಕುಳಿತಿದ್ದಳು.

“ಅದು ಹೇಗೆ, ಗುರುಗಳೇ?” ಎಂದ ಚನ್ನಮಲ್ಲ. “ಉಪ್ಪಿನಲ್ಲಿ ನಿಂತದ್ದು ಸಿಹಿಯಾಗಿ ಉಳಿಯುವುದು ಹೇಗೆ?”

ಗುರು ಹೇಳಿದರು: ದುಡಿದು. ಬೇರಿನ ಕೋಶದ ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ. ಒಂದು ಬಾಗಿಲಿಂದ ನೀರು ಬರುತ್ತದೆ. ಇನ್ನೊಂದರಿಂದ ಬೇಕಾದ ಸಾರ ಬರುತ್ತದೆ. ಉಪ್ಪೂ ಸಂದಿ ನೋಡಿಕೊಂಡು ಒಳಗೆ ಬಂದುಬಿಡುತ್ತದೆ. ಬರುವುದನ್ನು ಪೂರ್ತಿ ತಡೆಯಲಾಗದು. ಕಗ್ಗ ಬಂದ ಉಪ್ಪನ್ನು ಹಿಡಿದು ಮತ್ತೆ ಹೊರಗೆ ನೂಕುತ್ತದೆ. ನೂಕಲಾಗದೆ ಉಳಿದದ್ದನ್ನು ಒಳಗೇ ಒಂದು ಚೀಲದಲ್ಲಿ ಬೇರೆಯಾಗಿ ಇಡುತ್ತದೆ. ಇಳಿಜಾರಿನಲ್ಲಿ ತಾನಾಗಿ ಹರಿಯುವುದಕ್ಕೆ ಖರ್ಚಿಲ್ಲ. ಏರಿನ ಮೇಲೆ ತಳ್ಳುವುದಕ್ಕೆ ಖರ್ಚಿದೆ. ಉಂಡ ಅನ್ನದ ದೊಡ್ಡ ಪಾಲು ಪ್ರತಿ ಜೀವಿಯಲ್ಲೂ ಈ ಕೆಲಸಕ್ಕೇ ಹೋಗುತ್ತದೆ. ನಿನ್ನಲ್ಲಿ, ನನ್ನಲ್ಲಿ ಕೂಡ. ನಾವು ನಿದ್ದೆ ಮಾಡಿದರೂ ಅದು ನಿಲ್ಲುವುದಿಲ್ಲ. ಆ ದುಡಿಮೆ ನಿಂತ ಗಳಿಗೆಯಿಂದ ಒಳಗಿನದು ಹೊರಗೆ, ಹೊರಗಿನದು ಒಳಗೆ ಹರಿದು, ಕೊನೆಗೆ ಎರಡೂ ಸಮವಾಗುತ್ತವೆ. ಆಮೇಲೆ ಯಾವ ಸೆಳೆತವೂ ಇರುವುದಿಲ್ಲ. ನೀನು ಕೇಳುವ ಶಾಂತಿ ಅಂಥದ್ದೋ ಏನೋ ನನಗೆ ಗೊತ್ತಿಲ್ಲ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಸಾವು ಎನ್ನುತ್ತಾರೆ.

ಹೀಗೆ ಹೇಳಿ ಅವರು ಕತೆಗೆ ಮರಳಿದರು.

ಆ ವರ್ಷವೇ ಕಗ್ಗ ತೆನೆಗಟ್ಟುವ ಕಾಲಕ್ಕೆ ಬಿರುಗಾಳಿ ಎದ್ದಿತು. ಹಾಡಹಗಲೇ ಸಮುದ್ರ ಉಕ್ಕಿ ಬಂತು. ಊರಿನ ಒಡ್ಡು ಎರಡು ಕಡೆ ಒಡೆಯಿತು. ಸೋಮಿಯ ಒಡ್ಡು ಮಣ್ಣಿನ ಮುದ್ದೆಯಾಗಿ ಕರಗಿತು. ಬಾವಿಗಳಿಗೆ ಕೊಳಕು ನೀರು ನುಗ್ಗಿತು. ಜನ ಅದನ್ನೇ ಕುಡಿದರು. ಗಾಳಿ ನಿಂತ ಮೇಲೆ ಊರಿನಲ್ಲಿ ವಾಂತಿಭೇದಿ ಹಬ್ಬಿತು.

ಸೋಮಿಗೂ ತಗುಲಿತು. ಬೆಳಿಗ್ಗೆ ಓಡಾಡುತ್ತಿದ್ದವಳು ಮಧ್ಯಾಹ್ನಕ್ಕೆ ಚಾಪೆ ಹಿಡಿದಳು. ಕಣ್ಣು ಗುಳಿಬಿದ್ದವು. ಕೈಯ ಚರ್ಮ ಹಿಡಿದೆತ್ತಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ನೀರು, ನೀರು ಎಂದಳು. ಮಾಸ್ತಿ ನೀರು ಕಾಯಿಸಿ ಆರಿಸಿ ಕೊಟ್ಟಳು. ಕುಡಿದದ್ದೆಲ್ಲ ಹೊರಗೇ ಹೋಯಿತು. ಮತ್ತೆ ಕೊಟ್ಟಳು. ಮತ್ತೆ ಹೋಯಿತು.

ಅರೆಬರೆ ಎಚ್ಚರದಲ್ಲಿ ಸೋಮಿ ಕೇಳಿದ್ದು ಒಂದೇ. “ನಮ್ಮ ಒರತೆಯ ನೀರು ತನ್ನಿ. ಅದಾದರೆ ನಿಲ್ಲುತ್ತದೆ.”

ಬೊಮ್ಮ ಎದ್ದು ಹುಟ್ಟು ಕೈಗೆ ತೆಗೆದುಕೊಂಡ. ಆ ಪ್ರವಾಹದಲ್ಲಿ ಮೇಲಕ್ಕೆ ದೋಣಿ ಹೋಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹೋದರೂ ಮರಳುವ ಹೊತ್ತಿಗೆ ಇವಳು ಇರುವುದಿಲ್ಲವೆಂದೂ ಗೊತ್ತಿತ್ತು. ಆದರೂ ದೋಣಿಯನ್ನು ನೀರಿಗೆ ತಳ್ಳಿದ. ನಾಲ್ಕು ಮಾರು ಹೋಗುವುದರೊಳಗೆ ನದಿ ಅವನನ್ನು ತಿರುಗಿಸಿ ದಡಕ್ಕೆ ಎಸೆಯಿತು. ಮತ್ತೆ ತಳ್ಳಿದ. ಮತ್ತೆ ಎಸೆಯಿತು. ಕೊನೆಗೆ ದಡದ ಕೆಸರಿನಲ್ಲಿ ಕುಳಿತು ಗಂಡಸು ಅತ್ತ.

ಅದೇ ಸಂಜೆ ಆಸ್ಪತ್ರೆಯ ದಾದಿಯೊಬ್ಬಳು ಕೆಸರು ತುಳಿದು ನಡೆದು ಬಂದಳು. ಮನೆಮನೆಗೆ ಹೋಗಿ ನೋಡಿದಳು. ತಂದಿದ್ದ ಔಷಧಿ ಆಗಲೇ ಮುಗಿದಿತ್ತು. “ಬರೀ ನೀರು ಕೊಡಬೇಡಿ” ಎಂದು ಮಾಸ್ತಿಗೆ ಹೇಳಿದಳು. “ಅಕ್ಕಿ ಚೆನ್ನಾಗಿ ಬೇಯಿಸಿ ತೆಳ್ಳಗೆ ಗಂಜಿ ಮಾಡಿ. ಚಿಟಿಕೆ ಉಪ್ಪು ಹಾಕಿ, ಹೆಚ್ಚು ಬೇಡ. ಚಮಚದಲ್ಲಿ ಕೊಡುತ್ತಾ ಇರಿ. ವಾಂತಿಯಾದರೆ ಸ್ವಲ್ಪ ತಡೆದು ಮತ್ತೆ ಕೊಡಿ. ಬಿಡಬೇಡಿ.” ಅಷ್ಟು ಹೇಳಿ ಪಕ್ಕದ ಮನೆಗೆ ಹೋದಳು.

ಮನೆಯಲ್ಲಿದ್ದದ್ದು ಕಗ್ಗದ ಅಕ್ಕಿ. ಮಾಸ್ತಿ ಗಂಜಿ ಮಾಡಿದಳು. ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಚಮಚ ತುಟಿಗೆ ತಂದಳು. ಸೋಮಿಗೆ ಉಪ್ಪು ತಾಗಿತು. ತುಟಿ ಬಿಗಿದು ಮುಖ ತಿರುಗಿಸಿದಳು.

“ಉಪ್ಪು ಬೇಡ” ಎಂದಳು. ಆ ನಿಶ್ಶಕ್ತಿಯಲ್ಲೂ ಅಷ್ಟು ಹಟವಿತ್ತು.

ಮಾಸ್ತಿ ಚಮಚ ಕೆಳಗಿಡಲಿಲ್ಲ. “ನಾನು ಯಾವ ಊರಿಂದ ಬಂದವಳು, ಹೇಳು ನೋಡೋಣ” ಎಂದಳು.

ಸೋಮಿ ಕಣ್ಣು ತೆರೆದಳು. ಅವಳಿಗೆ ಗೊತ್ತಿರಲಿಲ್ಲ. ಒಂದೇ ಸೂರಿನಡಿ ಇಷ್ಟು ಕಾಲ ಇದ್ದು ಒಮ್ಮೆಯೂ ಕೇಳಿರಲಿಲ್ಲ. ಅತ್ತೆ ಈ ಊರಿನಲ್ಲೇ, ಈ ಉಪ್ಪಿನಲ್ಲೇ ಹುಟ್ಟಿದವಳೆಂದು ಅಂದುಕೊಂಡಿದ್ದಳು.

“ನಿನ್ನ ಊರಿಗಿಂತ ಮೇಲೆ, ನದಿ ಇನ್ನೂ ಹಳ್ಳವಾಗಿರುವ ಕಡೆ” ಎಂದಳು ಮಾಸ್ತಿ. “ನಮ್ಮ ಮನೆಯ ಹಿಂದೆ ಮುರುಗಲ ಮರವಿತ್ತು. ಅಕ್ಕ ತಂಗಿಯರು ಹಣ್ಣು ಆರಿಸಿ ಕಿತ್ತಾಡುತ್ತಿದ್ದೆವು. ನನ್ನ ಮದುವೆಯಾದ ಮೇಲೆ ಅಪ್ಪ ಆ ಜಾಗ ಬಿಟ್ಟು ಬೇರೆ ಕಡೆ ಹೋದ. ಈಗ ಅಲ್ಲಿ ನಮ್ಮವರು ಯಾರೂ ಇಲ್ಲ.”

“ಈಗಲೂ ನೆನಪಾಗುತ್ತದೆಯೇ ಅತ್ತೆ?”

“ಮೋಡ ಕವಿದಾಗಲೆಲ್ಲ.”

ಸೋಮಿಯ ಕಣ್ಣಿನಿಂದ ನೀರು ಬರಬೇಕಿತ್ತು. ಅಳಲು ಕೂಡ ಮೈಯಲ್ಲಿ ನೀರಿರಲಿಲ್ಲ. ಮುಖ ಮಾತ್ರ ಅಳುವವರ ಮುಖದಂತಾಯಿತು. ಬಾಯಿ ತಾನಾಗಿ ತೆರೆಯಿತು. ಮಾಸ್ತಿ ಗಂಜಿ ಹಾಕಿದಳು.

ಮೊದಲ ಚಮಚಗಳು ವಾಂತಿಯಾದವು. ಮಾಸ್ತಿ ಒರೆಸಿ ಮತ್ತೆ ಹಾಕಿದಳು. ಒಂದು ಚಮಚಕ್ಕೂ ಇನ್ನೊಂದಕ್ಕೂ ನಡುವೆ ತನ್ನ ಊರಿನ ಮಾತು ಆಡಿದಳು. ಹಳ್ಳದ ಕಲ್ಲು, ಅಕ್ಕನ ಮದುವೆ, ಕಳೆದುಹೋದ ಎಮ್ಮೆ. ಯಾವುದಕ್ಕೂ ಹಿಂದುಮುಂದಿರಲಿಲ್ಲ. ಇಷ್ಟು ವರ್ಷ ಕೇಳುವವರಿಲ್ಲದೆ ಅವಳೊಳಗೇ ಉಳಿದದ್ದು. ಸೋಮಿ ಕೇಳುತ್ತಾ ನುಂಗಿದಳು. ಹೊತ್ತು ಹೋದಂತೆ ಗಂಜಿ ಹೊಟ್ಟೆಯಲ್ಲಿ ನಿಂತಿತು. ಚಮಚ ಲೋಟವಾಯಿತು. ಬೆಳಗಾಗುವ ಹೊತ್ತಿಗೆ ಚರ್ಮ ಬಿಗಿಯಾಗಿತ್ತು, ಕೈ ಬೆಚ್ಚಗಿತ್ತು. ಎದ್ದ ಮೇಲೆ ಅವಳು ಮೊದಲು ಮಾಡಿದ್ದು ಅಳುವುದು. ತಾಯಿ ಸತ್ತ ಸುದ್ದಿ ಬಂದ ದಿನ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅಂದು ಅತ್ತಳು. ಅಳಲು ನೀರು ಬಂದಿದೆ ಎಂದು ಮಾಸ್ತಿಗೆ ಸಂತೋಷವಾಯಿತು.

ಗುರು ಚನ್ನಮಲ್ಲನತ್ತ ನೋಡಿದರು. ಕರುಳಿನ ಕೋಶಗಳಲ್ಲಿ ಒಂದು ಬಾಗಿಲಿದೆ ಎಂದರು. ಅದು ಉಪ್ಪೊಂದೇ ಬಂದರೆ ತೆರೆಯುವುದಿಲ್ಲ. ಸಕ್ಕರೆಯೊಂದೇ ಬಂದರೂ ತೆರೆಯುವುದಿಲ್ಲ. ಗಂಜಿ ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗುತ್ತದೆ. ಅದೂ ಉಪ್ಪೂ ಕೈಕೈ ಹಿಡಿದು ಬಂದಾಗ ಬಾಗಿಲು ತೆರೆಯುತ್ತದೆ. ಅವೆರಡೂ ಒಳಗೆ ಹೋದರೆ ಅವುಗಳ ಹಿಂದೆಯೇ ನೀರು ಹೋಗುತ್ತದೆ. ವಾಂತಿಭೇದಿಯಲ್ಲಿ ಬೇರೆ ಬಾಗಿಲುಗಳೆಲ್ಲ ಕೆಟ್ಟರೂ ಆ ಒಂದು ಬಾಗಿಲು ಕೆಡುವುದಿಲ್ಲ. ಎಷ್ಟೋ ಜೀವ ಉಳಿದದ್ದು ಅದರಿಂದ.

ಅಷ್ಟು ಹೇಳಿ ಮತ್ತೆ ಮುಂದುವರಿಸಿದರು.

ನೀರು ಇಳಿದು, ದಾರಿ ತೆರೆದ ಮೇಲೆ ಸೋಮಿ ಗಂಡನಿಗೆ ಹೇಳಿದಳು: “ಒಮ್ಮೆ ನನ್ನನ್ನು ಊರಿಗೆ ಕಳಿಸಿ.”

ಹೋದವಳು ಮರಳಿ ಬರುತ್ತಾಳೋ ಇಲ್ಲವೋ ಎಂದು ಬೊಮ್ಮನಿಗೆ ಅನ್ನಿಸಿತು. ತಾಯಿಯ ಮುಖ ನೋಡಿದ.

“ಹೋಗಿ ಬರಲಿ” ಎಂದಳು ಮಾಸ್ತಿ. “ನನ್ನನ್ನು ಯಾರೂ ಕಳಿಸಲಿಲ್ಲ.”

ಬೊಮ್ಮ ಅವಳನ್ನು ದೋಣಿಯಲ್ಲಿ ಕೂರಿಸಿ ಬಂದ. ಯಾವಾಗ ಬರುತ್ತೀಯ ಎಂದು ಕೇಳಲಿಲ್ಲ.

ತವರಿನಲ್ಲಿ ಅಣ್ಣ, ಅತ್ತಿಗೆ ಅವಳನ್ನು ಚೆನ್ನಾಗಿ ನೋಡಿಕೊಂಡರು. ಅತ್ತಿಗೆ ಹೊಸ ಚಾಪೆ ಹಾಸಿದಳು, ಬಿಸಿ ಅನ್ನ ಬಡಿಸಿದಳು. ಅನ್ನಕ್ಕೆ ಪರಿಮಳವಿರಲಿಲ್ಲ. ಸೋಮಿ ಕೇಳಿದಳು. ಅಣ್ಣ ಹೇಳಿದ: “ಅಮ್ಮ ಹೋದ ಮೇಲೆ ಆ ಭತ್ತ ಬಿಟ್ಟೆವು ತಂಗಿ. ಇಳುವರಿ ಇರಲಿಲ್ಲ. ಈಗ ಈ ಕಡೆ ಯಾರ ಹತ್ತಿರವೂ ಅದರ ಬೀಜವಿಲ್ಲ.”

ಸೋಮಿ ಊಟ ಮುಗಿಸಿ ಒಬ್ಬಳೇ ಬೆಟ್ಟದ ಬುಡಕ್ಕೆ ನಡೆದಳು. ಬಂಡೆ ಹಾಗೇ ಇತ್ತು. ಒರತೆ ಹಾಗೇ ಸುರಿಯುತ್ತಿತ್ತು. ಸಾವಿನ ಅಂಚಿನಲ್ಲೂ ಅವಳು ಕೇಳಿದ್ದ ನೀರು ಅದು. ಎರಡೂ ಕೈ ಒಡ್ಡಿ, ಬೊಗಸೆ ತುಂಬಿಸಿ, ಕಣ್ಣು ಮುಚ್ಚಿ ಕುಡಿದಳು.

ಸಪ್ಪೆಯಾಗಿತ್ತು.

ಇನ್ನೊಂದು ಬೊಗಸೆ ಕುಡಿದಳು. ಅದೂ ಸಪ್ಪೆ. ನೀರು ಬದಲಾಗಿರಲಿಲ್ಲ. ನಾಲಗೆ ಬದಲಾಗಿತ್ತು. ಅವಳಿಗೆ ತಿಳಿಯದಂತೆ, ಅವಳ ಒಪ್ಪಿಗೆ ಕೇಳದೆ, ಕೆಳಗಿನ ಊರು ಅವಳೊಳಗೆ ಬಂದು ನೆಲೆಸಿತ್ತು. ಅವಳು ಬಂಡೆಗೆ ಹಣೆಯಿಟ್ಟು ನಿಂತಳು. ಇಲ್ಲಿಗೆ ಬಂದರೆ ಹಂಬಲ ತೀರುತ್ತದೆಂದು ಇಷ್ಟು ದಿನ ಬದುಕಿದ್ದಳು. ಬಂದಳು, ತೀರಲಿಲ್ಲ. ಹೋಗಲು ಇನ್ನು ಯಾವ ಊರೂ ಉಳಿದಿರಲಿಲ್ಲ.

ಅಣ್ಣ ಹುಡುಕಿಕೊಂಡು ಬಂದ. ಅವಳ ಮುಖ ನೋಡಿ, “ಅಲ್ಲಿ ಕಷ್ಟವಾದರೆ ಇಲ್ಲೇ ಇದ್ದುಬಿಡು. ಇದು ನಿನ್ನ ಮನೆಯೇ” ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಸೋಮಿ ಬೇಡವೆಂದು ತಲೆಯಾಡಿಸಿದಳು. “ಒಡ್ಡು ಒಡೆದಿದೆ ಅಣ್ಣ. ಮಣ್ಣು ಹೊರಲು ಅಲ್ಲಿ ಜನ ಸಾಲದು” ಎಂದಳು.

ಅವಳು ಮರಳಿದಳು. ಬೊಮ್ಮ ದಿನವೂ ಕೆಲಸ ಬಿಟ್ಟು ದೋಣಿ ಬರುವ ಹೊತ್ತಿಗೆ ದಡಕ್ಕೆ ಬಂದು ನಿಲ್ಲುತ್ತಿದ್ದನೆಂದು ನೆರೆಮನೆಯವರು ಅವಳಿಗೆ ಆಮೇಲೆ ಹೇಳಿದರು. ಅವಳನ್ನು ಕಂಡಾಗ ಅವನು, “ಬಂದೆಯಾ?” ಎಂದ. “ಬಂದೆ” ಎಂದಳು. ಅಷ್ಟೇ ಮಾತು.

ಊರಿನವರ ಜೊತೆ ಅವಳೂ ಮಣ್ಣು ಹೊತ್ತಳು. ಒಡ್ಡು ಎದ್ದಿತು. ಹೊಸ ಹಲಗೆ ಬಾಗಿಲು ಕೂಡಿಸಿದರು. ವರ್ಷಗಳು ಕಳೆದ ಮೇಲೆ ಅದನ್ನು ಎತ್ತಿ ಇಳಿಸುವ ಕೆಲಸ ಅವಳ ಪಾಲಿಗೆ ಬಂತು. ಸಮುದ್ರದ ಹೊತ್ತು ಅವಳಿಗೆ ಬಾಯಿಪಾಠವಾಯಿತು. ಮಕ್ಕಳಾದರು. ಮಾಸ್ತಿ ತೀರಿಕೊಂಡಾಗ ಹೆತ್ತ ಮಗಳಂತೆ ಅತ್ತಳು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರನ್ನು ಕಂಡರೆ ಕೂರಿಸಿಕೊಂಡು, ನಿನ್ನದು ಯಾವ ಊರು ಎಂದು ಮೊದಲು ಕೇಳುತ್ತಿದ್ದಳು. ಅವರು ಹೇಳಿ ಮುಗಿಸುವ ತನಕ ಏಳುತ್ತಿರಲಿಲ್ಲ.

ಸಂಜೆ ಕೆಲಸ ಮುಗಿದ ಮೇಲೆ ಸ್ವಲ್ಪ ಹೊತ್ತು ಒಡ್ಡಿನ ಮೇಲೆ ನಿಲ್ಲುವುದು ಅವಳ ಅಭ್ಯಾಸ. ಅವಳ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನದಿ ಬರುವ ದಾರಿ. ತಲೆ ನರೆತ ಮೇಲೂ ಅವಳು ಆ ಹೊತ್ತಿನಲ್ಲಿ ನೋಡುತ್ತಿದ್ದದ್ದು ನದಿ ಬರುವ ಕಡೆಗೆ.

ಗುರು ಇಲ್ಲಿಗೆ ನಿಲ್ಲಿಸಿದರು.

ಚನ್ನಮಲ್ಲ ಕಾದ. ಕತೆ ಮುಂದುವರಿಯಲಿಲ್ಲ. “ಹಾಗಾದರೆ ಆ ಹಂಬಲ ಕೊನೆಯವರೆಗೂ ಹೋಗಲೇ ಇಲ್ಲವೇ, ಗುರುಗಳೇ?” ಎಂದ.

“ಕೊನೆಯವರೆಗೂ ಅವಳು ಬದುಕಿದ್ದಳಪ್ಪಾ” ಎಂದರು ಗುರು.

ಚನ್ನಮಲ್ಲ ಪಕ್ಕದ ಸಸಿಯತ್ತ ಬಾಗಿ ಒಣಗಿದ ಎಲೆ ಕೀಳತೊಡಗಿದ.